ಹದಿಮೂರೂವರೆ ಗಂಟೆಯ ದಾರಿ

“ಗಾಳಿ ಚೆನ್ನಾಗಿತ್ತು ಸರ್, ಅದಕ್ಕೇ ವಿಮಾನ ಬೇಗ ಬಂದ್ಬಿಡ್ತು,” ಎಂದ ಅಣ್ಣ. “ಹದಿಮೂರೂವರೆ ಗಂಟೆ, ಅಷ್ಟೇ. ಐದಕ್ಕೆಲ್ಲ ಇಳಿದಿದ್ದೆ.”

ಬಟ್ಟೆ ಕತ್ತರಿಸುವ ಉದ್ದನೆಯ ಮೇಜಿನ ಆಚೆ ಅವನು, ಈಚೆ ಎರಡು ಸ್ಟೂಲುಗಳ ಮೇಲೆ ನಾನು ಮತ್ತು ರೇಡಿಯೊ ಎಂದು ನಾನು ಕರೆಯುವ ನನ್ನ ಜೊತೆಗಾರ. ಮೇಜಿನ ಮೇಲೆ ಅರ್ಧ ಕತ್ತರಿಸಿದ ನೀಲಿ ಕೋಟಿನ ಬಟ್ಟೆ ಹಾಗೇ ಬಿದ್ದಿತ್ತು. ಅದರ ಆಚೆ ಅಟ್ಟಕ್ಕೆ ಹತ್ತುವ ಏಣಿ. ಆ ಅಟ್ಟದಿಂದಲೇ ಹೋದ ವಾರ ಅವನ ದೊಡ್ಡಕ್ಕ ಬಿದ್ದು ಸತ್ತದ್ದು. ತಳ್ಳಿದವಳು ನೀನೇ ಎಂದು ಅವನ ತಂಗಿಯನ್ನು ಪೊಲೀಸರು ಕರೆದುಕೊಂಡು ಹೋದದ್ದು.

ನಾನು ಖಾಸಗಿ ಪತ್ತೇದಾರ, ಆ ತಂಗಿ ನನ್ನ ಕಕ್ಷಿದಾರಳು. ಅವಳ ಬಾಯಲ್ಲಿ ‘ಅಣ್ಣ, ಅಣ್ಣ’ ಎಂದು ಕೇಳಿ ಕೇಳಿ ನಾನೂ ಈ ಮನುಷ್ಯನನ್ನು ಮನಸ್ಸಿನಲ್ಲಿ ಅಣ್ಣ ಎಂದೇ ಕರೆಯುವಂತಾಗಿತ್ತು. ನನಗಿಂತ ಹದಿನೈದು ವರ್ಷ ಚಿಕ್ಕವನು, ಇರಲಿ. ಹುಡುಗಿಯನ್ನು ಹೊರಗೆ ತರುತ್ತೇನೆ ಎಂದು ಮಾತು ಕೊಟ್ಟಿದ್ದೆ. ಇವತ್ತು ಸಂಜೆ ನಾಲ್ಕಕ್ಕೆ ನ್ಯಾಯಾಧೀಶರು ಅವಳನ್ನು ಮನೆಗೆ ಬಿಡುತ್ತಾರೆ, ಇಲ್ಲವೇ ಜೈಲಿಗೆ ಕಳಿಸುತ್ತಾರೆ. ನನ್ನ ಕೈಯಲ್ಲಿ ಇನ್ನೂ ಏನೂ ಇರಲಿಲ್ಲ.

“ಊಟ ಗೀಟ ಸರಿಯಾಗಿತ್ತಾ?” ರೇಡಿಯೊ ಕೇಳಿದ. ಅವನಿಗೆ ಎಲ್ಲಿ ಕೂತರೂ ಮೊದಲು ಊಟದ ವಿಚಾರ ಬೇಕು.

“ಎರಡು ಸಲ ಕೊಟ್ರು. ತಿಂದು ಮಲಗಿದವನು ಇಳಿಯೋವಾಗ್ಲೇ ಎದ್ದಿದ್ದು. ಎಲ್ಲೂ ನಿಲ್ಲೋ ಗೋಜಿಲ್ಲ, ಸೀದಾ ಇಲ್ಲಿಗೇ.”

“ಪುಣ್ಯವಂತರಪ್ಪ. ನನಗೆ ಬಸ್ಸಲ್ಲಿ ಕೂತ್ರೂ ಕಣ್ಣು ಮುಚ್ಚಲ್ಲ.”

ಅಣ್ಣ ಸಣ್ಣಗೆ ನಕ್ಕ. ನಾನು ನಗಲಿಲ್ಲ, ಆದರೆ ಒಳಗೊಳಗೇ ಹಗುರಾದೆ. ಯಾಕೆಂದರೆ ಈ ಹದಿಮೂರೂವರೆ ಗಂಟೆ ನನ್ನ ಲೆಕ್ಕದ ಜೊತೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ತಾಳೆಯಾಗಿತ್ತು.

ಆ ಲೆಕ್ಕ ಹೀಗೆ. ದೊಡ್ಡಕ್ಕ ಸತ್ತದ್ದು ಮಧ್ಯಾಹ್ನ ಮೂರರಿಂದ ನಾಲ್ಕೂವರೆಯ ಒಳಗೆ ಎಂದು ಡಾಕ್ಟರು ಹೇಳಿದ್ದರು. ಆಗ ತಾನು ಗುಂಡಿ, ದಾರ ತರಲು ಪೇಟೆಗೆ ಹೋಗಿದ್ದೆ ಎಂದು ಹುಡುಗಿ ಹೇಳಿದಳು. ಕಂಡವರು ಯಾರೂ ಇಲ್ಲ. ಅದೇ ದಿನ ಬೆಳಿಗ್ಗೆ ಅಕ್ಕತಂಗಿಯರು ಜೋರಾಗಿ ಜಗಳವಾಡಿದ್ದನ್ನು ಮಾತ್ರ ಬೀದಿಯೆಲ್ಲ ಕೇಳಿಸಿಕೊಂಡಿತ್ತು. ಇನ್‌ಸ್ಪೆಕ್ಟರಿಗೆ ಅಷ್ಟು ಸಾಕಾಯಿತು.

ಮಧ್ಯದವನಾದ ಅಣ್ಣ ಇರುವುದು ದೂರದ ದೇಶದಲ್ಲಿ. ಆ ಹೊತ್ತಿಗೆ ವಿಮಾನದಲ್ಲಿದ್ದೆ ಎಂದು ಅವನು ಟಿಕೆಟ್ ತೋರಿಸಿದ. ಇನ್‌ಸ್ಪೆಕ್ಟರು ಟಿಕೆಟ್ ನೋಡಿ ತಲೆಯಾಡಿಸಿ ಕಳಿಸಿಬಿಟ್ಟರು. ನನಗೆ ಒಂದು ಮುಳ್ಳು ಉಳಿಯಿತು. ಆ ದಿನ ಸಂಜೆ ಹುಡುಗಿ ಅಳುತ್ತಾ ಮೊದಲು ಫೋನ್ ಮಾಡಿದ್ದು ನನಗೆ. ನನ್ನ ಅಂಗಿಗಳನ್ನು ವರ್ಷಗಟ್ಟಲೆ ಹೊಲಿದುಕೊಟ್ಟ ಅಂಗಡಿ ಅದು. ಸೊಂಟದ ಅಳತೆ ತೆಗೆಯುವಾಗ “ಅಂಕಲ್, ಹೊಟ್ಟೆ ಒಳಗೆ ಎಳ್ಕೋಬೇಡಿ” ಎಂದು ರೇಗಿಸುತ್ತಿದ್ದವಳು ಅವಳು. ನಾನು ಓಡಿಹೋದಾಗ ಆರೂವರೆ, ಪೊಲೀಸರು ಇನ್ನೂ ಬಂದಿರಲಿಲ್ಲ. ಅಣ್ಣ ಆಗಲೇ ಅಲ್ಲಿದ್ದ. ಇದೇ ಮೇಜಿನ ಅಂಚಿನಲ್ಲಿ ಕೂತು ಮುಖ ಮುಚ್ಚಿಕೊಂಡಿದ್ದ, ಕಾಲ ಬಳಿ ಸೂಟ್‌ಕೇಸು. ಟಿಕೆಟ್ಟಿನಲ್ಲಿ ವಿಮಾನ ಇಳಿಯುವ ಸಮಯ ಮಾತ್ರ ಏಳು ಎಂದಿತ್ತು.

ಏಳಕ್ಕೆ ಇಳಿಯಬೇಕಾದವನು ಆರೂವರೆಗೆ ಅಂಗಡಿಯಲ್ಲಿ ಹೇಗೆ?

ಎರಡು ವಿಮಾನ ನಿಲ್ದಾಣಗಳ ಹೆಸರು ಹಾಕಿದರೆ ನಡುವಿನ ದೂರ, ಹಾರುವ ಸಮಯ ಎರಡನ್ನೂ ತಟ್ಟನೆ ಹೇಳುವ ಪುಟಗಳು ಕಂಪ್ಯೂಟರಿನಲ್ಲಿ ಬೇಕಾದಷ್ಟಿವೆ. ಮೊನ್ನೆ ಅಂಥದ್ದೊಂದರಲ್ಲಿ ನೋಡಿದೆ. ಹನ್ನೊಂದೂವರೆ ಸಾವಿರ ಕಿಲೋಮೀಟರ್, ಹದಿಮೂರೂವರೆ ಗಂಟೆ. ವಿಮಾನ ಹೊರಟ ಹೊತ್ತಿಗೆ ಅದನ್ನು ಕೂಡಿಸಿದರೆ ಇಲ್ಲಿನ ಸಂಜೆ ಐದು. ನನ್ನ ಮುಳ್ಳು ತಾನಾಗಿಯೇ ಉದುರಿಹೋಯಿತು. ಆಫೀಸಿನ ಮೆಟ್ಟಿಲು ಇಳಿಯುತ್ತಾ ರೇಡಿಯೊಗೆ ಹೇಳಿದ್ದೆ: “ಗಾಳಿ ಚೆನ್ನಾಗಿದ್ರೆ ಹದಿಮೂರೂವರೆ ಗಂಟೇಲಿ ಬರಬಹುದು ಕಣೋ, ಐದಕ್ಕೆಲ್ಲ ಇಳೀಬಹುದು. ಕಂಪನಿಯವರು ಸಮಯ ಸ್ವಲ್ಪ ಉಬ್ಬಿಸಿ ಹಾಕಿರ್ತಾರೆ.”

ಈಗ ಅಣ್ಣನ ಬಾಯಿಂದಲೂ ಅದೇ ಬಂತು. ಹೊರಗೆ ಬರುತ್ತಿದ್ದಂತೆ ರೇಡಿಯೊ ನನ್ನ ಹೆಗಲು ತಟ್ಟಿದ. “ನಿನ್ನ ಲೆಕ್ಕ ಸರಿಹೋಯ್ತಲ್ಲ ಯಜಮಾನ. ಇವನನ್ನ ಬಿಟ್ಟು ಬೇರೆ ಕಡೆ ನೋಡೋಣ. ನಾಲ್ಕು ಗಂಟೆಗೆ ಇನ್ನೇನು ಬಹಳ ಹೊತ್ತಿಲ್ಲ.”

ಹದಿನೆಂಟು ವರ್ಷದಿಂದ ಅವನು ನನ್ನನ್ನು ಯಜಮಾನ ಎಂದೇ ಕರೆಯುವುದು, ಮನೆಯಲ್ಲಿ ಹೆಂಡತಿ ಕೂಡ ಹಾಗೆ ಕರೆಯದ್ದರಿಂದ ನನಗೆ ಅದು ಇಷ್ಟ. ಅವನಿಗೆ ರೇಡಿಯೊ ಎಂದು ಹೆಸರಿಟ್ಟವನು ನಾನೇ. ಬೆಳಗಿನಿಂದ ಸಂಜೆಯವರೆಗೆ ಬಾಯಿ ಮುಚ್ಚುವವನಲ್ಲ. ಆದರೆ ಕೇಸಿನ ವಿಚಾರ ಬಂದರೆ ಬೀಗ. ಇಷ್ಟು ವರ್ಷಗಳಲ್ಲಿ ಒಂದೇ ಒಂದು ಮಾತು ಅವನಿಂದ ಹೊರಗೆ ಹೋದದ್ದಿಲ್ಲ.

ಅವನನ್ನು ಆಫೀಸಿಗೆ ಕಳಿಸಿ ನಾನು ವಿಮಾನ ನಿಲ್ದಾಣಕ್ಕೆ ಹೊರಟೆ. ಅನುಮಾನದಿಂದ ಹೋದೆ ಎಂದರೆ ಸುಳ್ಳಾಗುತ್ತದೆ. ಹೋದದ್ದು ಶಾಬಾಸ್ ಅನ್ನಿಸಿಕೊಳ್ಳಲು.

ನನ್ನ ಸೋದರತ್ತೆಯ ಮಗಳು ಅಲ್ಲಿ ಡಿಸ್ಪ್ಯಾಚರ್. ವಿಮಾನ ಹೊರಡುವ ಮುಂಚೆ ಅದು ಯಾವ ದಾರಿ ಹಿಡಿಯಬೇಕು, ಎಷ್ಟು ಇಂಧನ ತುಂಬಿಸಬೇಕು ಎಂದು ಗಾಳಿ, ಮೋಡ ನೋಡಿ ತೀರ್ಮಾನಿಸುವ ಕೆಲಸ. ಚಿಕ್ಕಂದಿನಲ್ಲಿ ಗಣಿತದಲ್ಲಿ ನನಗೆ ಸೊನ್ನೆ ಬಂದಾಗಲೆಲ್ಲ ಮನೆಮಂದಿಗೆಲ್ಲ ಡಂಗುರ ಸಾರಿದವಳು. ಒಂದು ಸಲವಾದರೂ ಅವಳ ಮುಂದೆ ಒಂದು ಲೆಕ್ಕ ಸರಿಯಾಗಿ ಮಾಡಿ ತೋರಿಸಬೇಕು ಎಂಬ ಆಸೆ ಈ ವಯಸ್ಸಿನಲ್ಲೂ ಹೋಗಿಲ್ಲ.

ಅವಳ ಕೋಣೆಯಲ್ಲಿ ಕಿಟಕಿಯೇ ಇಲ್ಲ. ಆಕಾಶವನ್ನು ಆಳುವವರನ್ನು ಇಂಥ ಡಬ್ಬಿಯಲ್ಲಿ ಕೂರಿಸುವುದು ಯಾವ ನ್ಯಾಯವೋ. ಮುಂದೆ ನಾಲ್ಕು ಪರದೆ. ಒಂದರ ತುಂಬ ಬಾಣದ ಗುರುತುಗಳು, ಎಲ್ಲ ಒಂದೇ ದಿಕ್ಕಿಗೆ. ಅವಳು ಕಿವಿಯಿಂದ ಫೋನು ತೆಗೆಯದೆ ಕುರ್ಚಿ ತೋರಿಸಿದಳು. ಮಾತು ಮುಗಿಸಿ ನನ್ನ ಕಡೆ ತಿರುಗಿದಳು. ನಾನು ನನ್ನ ಲೆಕ್ಕ ಒಪ್ಪಿಸಿದೆ.

ಅವಳು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. “ಭಾವ, ಈ ಹದಿಮೂರೂವರೆ ಎಲ್ಲಿಂದ ತಂದ್ರಿ?”

“ಕಂಪ್ಯೂಟರಲ್ಲಿ ನೋಡಿದೆ.”

“ಅದಕ್ಕೇ. ಎರಡು ಊರಿನ ಮಧ್ಯೆ ದಾರ ಎಳೆದು, ಅಳೆದು, ಒಂದೇ ವೇಗದಿಂದ ಭಾಗಿಸಿರ್ತಾರೆ. ಅದು ಮಕ್ಕಳ ಲೆಕ್ಕ. ವಿಮಾನ ಹಾಗೆ ಹಾರಲ್ಲ. ಆ ದಾರದ ಮಧ್ಯೆ ಎರಡು ದೇಶದವರು ತಮ್ಮ ಆಕಾಶನೇ ಮುಚ್ಚಿಟ್ಟಿದ್ದಾರೆ, ಸುತ್ತು ಹಾಕ್ಕೊಂಡು ಬರಬೇಕು. ಆ ದಾರೀಲಿ ಹದಿಮೂರೂವರೆ ಗಂಟೇಲಿ ಬಂದ ವಿಮಾನನ ನನ್ನ ಸರ್ವೀಸಲ್ಲಿ ನಾನು ಕಂಡಿಲ್ಲ.”

“ಗಾಳಿ ಚೆನ್ನಾಗಿದ್ರೂ?”

“ಯಾವ ಗಾಳಿ ಭಾವ?” ಅವಳು ಪರದೆಯ ಬಾಣಗಳ ಮೇಲೆ ಬೆರಳಾಡಿಸಿದಳು. “ಇದು ನೋಡಿ. ಇಲ್ಲಿಂದ ಅಲ್ಲಿಗೆ ಹೋಗೋವಾಗ ಬೆನ್ನ ಹಿಂದೆ. ಅಲ್ಲಿಂದ ಇಲ್ಲಿಗೆ ಬರೋವಾಗ ಎದೆಗೆ. ಈ ಕಾಲದಲ್ಲಂತೂ ಎಲ್ಲ ದಿನಾನೂ ಹೀಗೇ. ಬರೋವಾಗ ಗಾಳಿ ಚೆನ್ನಾಗಿತ್ತು ಅಂತ ನಮ್ಮವರು ಯಾರೂ ಹೇಳಲ್ಲ. ನಿಮ್ಮಂಥವರೇ ಹೇಳ್ಬೇಕು.”

ನನ್ನ ಕಿವಿ ಬಿಸಿಯಾಯಿತು. “ಹೇಳಿದವನು ಆ ವಿಮಾನದಲ್ಲೇ ಬಂದವನು.” ತಾರೀಖು ಹೇಳಿದೆ.

ಅವಳ ನಗು ನಿಂತಿತು. “ಆ ದಿನದ ವಿಮಾನನಾ? ಎಷ್ಟು ಹೊತ್ತಿಗೆ ಇಳಿದೆ ಅಂದ?”

“ಐದಕ್ಕೆ. ಒಂದೇ ನಿದ್ದೆ, ಎಲ್ಲೂ ನಿಲ್ಲಲಿಲ್ಲ ಅಂದ.”

“ಅವನು ಅದರಲ್ಲಿ ಬಂದಿಲ್ಲ ಭಾವ. ಆ ದಿನ ಗಾಳಿ ಎಷ್ಟಿತ್ತು ಅಂದ್ರೆ ಇಂಧನ ಸಾಲದು ಅಂತ ದಾರೀಲಿ ಒಂದು ಕಡೆ ಇಳಿಸಿ ತುಂಬಿಸಬೇಕಾಯ್ತು. ಜನ ಒಳಗೇ ಕೂತಿದ್ರು, ಒಂದು ಗಂಟೆ ಮೇಲೆ. ಸೆಕೆ, ಮಕ್ಕಳ ಅಳು, ಬೈಗುಳ, ಎಲ್ಲ ಆಮೇಲೆ ನನ್ನ ತಲೆ ಮೇಲೇ ಬಂತು. ಇಲ್ಲಿ ಇಳಿದಾಗ ಒಂಬತ್ತು. ಅದೇನು ಗುಟ್ಟಲ್ಲ, ಯಾವ ವಿಮಾನ ಯಾವಾಗ ಇಳೀತು ಅಂತ ಯಾರು ಬೇಕಾದ್ರೂ ನೋಡಬಹುದು. ನೀವು ಅದೊಂದನ್ನ ಬಿಟ್ಟು ಬೇರೆ ಎಲ್ಲ ನೋಡಿದೀರ.”

ನಾನು ಎದ್ದು ನಿಂತೆ. ಮೊದಲು ಬಂದದ್ದು ಸಂತೋಷವೇ. ವಿಮಾನ ಒಂಬತ್ತಕ್ಕೆ ಇಳಿದಿದ್ದರೆ ಆರೂವರೆಗೆ ಅಂಗಡಿಯಲ್ಲಿ ಅಳುತ್ತಿದ್ದವನು ಆ ವಿಮಾನದವನಲ್ಲ. ಟಿಕೆಟ್ ತೆಗೆದಿಟ್ಟು, ಅದಕ್ಕೆ ಮುಂಚೆಯೇ ಬಂದು ಊರಿನಲ್ಲಿ ಕೂತಿದ್ದಾನೆ. ದೊಡ್ಡಕ್ಕ ಸಾಯುವ ಹೊತ್ತಿಗೆ ಅವನು ಇಲ್ಲಿದ್ದ. ಹುಡುಗಿ ಬಚಾವಾದಳು. ನಾಲ್ಕಕ್ಕೆ ಅವಳು ಮನೆಗೆ ಹೋಗುತ್ತಾಳೆ.

ನಿಲ್ದಾಣದ ಹೊರಗೆ ಬಂದು ಕಾರಿನ ಬಾಗಿಲಿಗೆ ಕೈ ಹಾಕಿದಾಗ ಎರಡನೆಯದು ಹೊಳೆಯಿತು.

ಆ ಪುಟದಲ್ಲಿ ಗಾಳಿಯ ಮಾತೇ ಇಲ್ಲ. ಗಾಳಿ ಚೆನ್ನಾಗಿದ್ದರೆ ಎಂಬುದು ನಾನು ನನ್ನ ತಲೆಯಿಂದ ಸೇರಿಸಿದ ದಡ್ಡತನ. ವಿಮಾನದ ಕೆಲಸದವರು ಆಡದ ಮಾತು, ಆ ವಿಮಾನದಲ್ಲಿ ಬಂದವರು ಆಡಲಾಗದ ಮಾತು. ಅದನ್ನು ಅಣ್ಣ ಆಡಿದ್ದ. ಗಾಳಿ ಚೆನ್ನಾಗಿತ್ತು, ಹದಿಮೂರೂವರೆ ಗಂಟೆ, ಐದಕ್ಕೆಲ್ಲ. ನಾನು ಮೆಟ್ಟಿಲ ಮೇಲೆ ಆಡಿದ ಮಾತನ್ನೇ ಅದೇ ಕ್ರಮದಲ್ಲಿ ನನಗೇ ವಾಪಸ್ ಕೊಟ್ಟಿದ್ದ. ನನ್ನ ಹೊಟ್ಟೆಯೊಳಗಿನ ಮುಳ್ಳು ಯಾವುದು, ಅದಕ್ಕೆ ಮದ್ದೇನು ಎಂದು ಯಾರೋ ಅವನಿಗೆ ಮೊದಲೇ ಹೇಳಿಕೊಟ್ಟಿದ್ದರು.

ಆ ಮಾತನ್ನು ನಾನು ಹೇಳಿದ್ದು ಒಬ್ಬನಿಗೆ.

*

ಆಫೀಸಿನಲ್ಲಿ ರೇಡಿಯೊ ಕಾಫಿ ಸೋಸುತ್ತಿದ್ದ. ಎರಡು ಲೋಟ ಇಟ್ಟಿದ್ದ. ನಾನು ಬರುವ ಹೊತ್ತು ಅವನಿಗೆ ಹೇಗೋ ಗೊತ್ತಾಗುತ್ತದೆ. ಆ ದಿನ ಅದೂ ನನಗೆ ಮೋಸದಂತೆ ಕಂಡಿತು.

“ಬಾ ಯಜಮಾನ. ಸೊಸೆ ಶಾಬಾಸ್ ಅಂದ್ಲಾ?” ನನ್ನ ಅತ್ತೆಯ ಮಗಳನ್ನು ಅವನು ಸೊಸೆ ಎನ್ನುತ್ತಿದ್ದ. ಯಾಕೆ ಎಂದು ಕೇಳಿದರೆ ಅರ್ಧ ಗಂಟೆ ವಿವರಿಸುತ್ತಿದ್ದ.

“ಅಣ್ಣನ ಜೊತೆ ನಿನಗೆಷ್ಟು ದಿನದ ಪರಿಚಯ?”

“ಯಾವ ಅಣ್ಣ?”

“ಬೆಳಿಗ್ಗೆ ಊಟ ಕೇಳಿದ್ಯಲ್ಲ, ಆ ಅಣ್ಣ.”

ಅವನು ಸೋಸುವುದನ್ನು ನಿಲ್ಲಿಸಿದ. “ಏನಾಯ್ತು?”

ಹೇಳಿದೆ. ಗಾಳಿ, ನಡುವೆ ಇಳಿದದ್ದು, ಒಂಬತ್ತು ಗಂಟೆ. ಹೇಳುತ್ತಾ ಹೇಳುತ್ತಾ ನನ್ನ ದನಿ ಏರಿತು. ಅವನು ಮೊದಲು ನನ್ನ ಹಾಗೆಯೇ ಖುಷಿಪಟ್ಟ. ಮುಖ ಅರಳಿತು. “ಹಾಗಾದ್ರೆ ಹುಡುಗಿ ಬಚಾವ್,” ಎಂದ. ಅವನ ಆ ಖುಷಿ ನೋಡಿ ನನಗೆ ಇನ್ನಷ್ಟು ಉರಿಯಿತು.

“ಅವನಿಗೆ ಆ ಮಾತು ಹೇಳಿಕೊಟ್ಟವರು ಯಾರು?”

“ಅವನೂ ಅದೇ ಪುಟ ನೋಡಿರಬಹುದಲ್ಲ.”

“ಗಾಳಿ ಪುಟದಲ್ಲಿಲ್ಲ. ಗಾಳಿ ನನ್ನದು. ನಾನು ನಿನಗೆ ಹೇಳಿದ್ದು. ಆರೂವರೆಗೆ ಅವನನ್ನ ನೋಡಿದೆ, ಅದೇ ನನ್ನ ತಲೆ ತಿಂತಿದೆ ಅಂತಾನೂ ನಿನಗೊಬ್ಬನಿಗೇ ಹೇಳಿದ್ದು. ಇವತ್ತು ಅವನು ಉತ್ತರ ಬಾಯಲ್ಲಿಟ್ಕೊಂಡೇ ಕೂತಿದ್ದ.”

ರೇಡಿಯೊ ಸೋಸುವ ಪಾತ್ರೆ ಕೆಳಗಿಟ್ಟ. ಹದಿನೆಂಟು ವರ್ಷಗಳಲ್ಲಿ ಅವನು ಅಷ್ಟು ಹೊತ್ತು ಸುಮ್ಮನಿದ್ದದ್ದನ್ನು ನಾನು ಕಂಡಿರಲಿಲ್ಲ. ನನ್ನೊಳಗೆ ಯಾರೋ ‘ಇಲ್ಲ ಅನ್ನು, ಇಲ್ಲ ಅನ್ನು’ ಎಂದು ಬೇಡಿಕೊಳ್ಳುತ್ತಿದ್ದರು.

“ಒಬ್ಬರಿಗೆ ಹೇಳಿದ್ದೆ,” ಎಂದ.

“ಯಾರಿಗೆ?”

“ನೀನು ಯಾರಿಗೋಸ್ಕರ ಓಡಾಡ್ತಿದೀಯೋ ಅವಳಿಗೇ.”

“ಏನಂದೆ?” ಎಂದೆ.

“ನಿನ್ನೆ ಬಟ್ಟೆ ಕೊಟ್ಟು ಬಾ ಅಂತ ಠಾಣೆಗೆ ಕಳಿಸಿದ್ದು ನೀನೇ. ಕಂಬಿ ಹಿಡ್ಕೊಂಡು ಅತ್ತಳು. ಅಂಕಲ್‌ಗೆ ನಮ್ಮಣ್ಣನ ಮೇಲೆ ಅನುಮಾನನಾ ಅಂದ್ಲು. ಸಮಾಧಾನ ಮಾಡೋಣ ಅಂತ ಹೇಳಿದೆ. ಇಲ್ಲಮ್ಮ, ಆರೂವರೆಗೆ ಹೇಗೆ ಬಂದ ಅಂತ ಒಂದು ಸಣ್ಣ ತಕರಾರಿತ್ತು, ಅದೂ ಹೋಯ್ತು, ಗಾಳಿ ಚೆನ್ನಾಗಿದ್ರೆ ಇಷ್ಟು ಗಂಟೆ ಸಾಕಂತೆ ಅಂತ. ಸರಿಯಾಗಿ ಇನ್ನೊಂದು ಸಲ ಹೇಳಿ ಅಂದ್ಲು. ಹೇಳಿದೆ. ನಾನು ಹೊರಗೆ ಬರ್ತಿದ್ದ ಹಾಗೆ ಅವಳಣ್ಣ ಒಳಗೆ ಹೋಗ್ತಿದ್ದ.”

“ಅವಳು ಹೇಳಿಕೊಟ್ಟಳು ಅಂತೀಯ.”

“ನಾನು ಏನೂ ಅಂತಿಲ್ಲ. ಆಗಿದ್ದು ಹೇಳ್ದೆ.”

“ತನ್ನ ಕುತ್ತಿಗೆಗೆ ಬಂದಿರೋವಾಗ, ತನ್ನನ್ನ ಬಿಡಿಸೋ ಒಂದೇ ದಾರಿನ ತಾನೇ ಮುಚ್ಚಿಕೊಂಡಳು. ಅದನ್ನ ನಾನು ನಂಬಬೇಕು.”

“ನನಗೂ ಅರ್ಥ ಆಗ್ತಿಲ್ಲ ಕಣೋ.”

“ನನಗೆ ಅರ್ಥ ಆಗ್ತಿದೆ,” ಎಂದೆ. ಆ ಹೊತ್ತಿನಲ್ಲಿ ನಾನು ನಿಜಕ್ಕೂ ಅದನ್ನೇ ನಂಬಿದ್ದೆ. “ಸಿಕ್ಕಿಬಿದ್ದ ಮೇಲೆ, ಲಾಕಪ್ಪಿನಲ್ಲಿ ಕೂತು ಬಾಯಿ ಬಿಡಲಾಗದ ಹುಡುಗಿ ತಲೆಗೆ ಕಟ್ತಿದೀಯ. ನನ್ನ ಜೊತೆ ಇಷ್ಟು ವರ್ಷ ಇದ್ದು ಇದನ್ನ ಕಲಿತೆ. ಅವನು ನಿನಗೇನು ಕೊಡ್ತೀನಿ ಅಂದ?”

ಅದನ್ನು ಕೇಳಬಾರದಿತ್ತು. ಕೇಳಿಬಿಟ್ಟೆ. ರೇಡಿಯೊ ಒಂದು ಲೋಟದ ಕಾಫಿಯನ್ನು ತೊಟ್ಟಿಗೆ ಚೆಲ್ಲಿದ. ಇನ್ನೊಂದನ್ನು ನನ್ನ ಮುಂದೆ ತಂದಿಟ್ಟ. ಕೀ ಗೊಂಚಲಿನಿಂದ ಆಫೀಸಿನ ಕೀಯನ್ನು ಬಿಡಿಸತೊಡಗಿದ. ಅದರ ಬಳೆ ಬಿಗಿಯಾಗಿತ್ತು. ಉಗುರು ಹಾಕಿ ಎಳೆಯುತ್ತಾ ನಿಂತ. ನಾನು ಸಹಾಯಕ್ಕೆ ಕೈ ಚಾಚಲಿಲ್ಲ.

“ನೀವು ಕೋರ್ಟಿಗೆ ಹೊರಡಿ,” ಎಂದ ಕೊನೆಗೆ. “ಹೊತ್ತಾಗುತ್ತೆ.”

ಅವನ ಬಾಯಲ್ಲಿ ನನಗೆ ‘ನೀವು’ ಬಂದದ್ದು ಅದೇ ಮೊದಲು. ಕೀಯನ್ನು ಲೋಟದ ಪಕ್ಕ ಇಟ್ಟು, ಬಾಗಿಲು ಮೆಲ್ಲಗೆ ಎಳೆದುಕೊಂಡು ಹೋದ. ಕಾಫಿ ಕುಡಿಯಲಾಗಲಿಲ್ಲ. ಅಳು ಬಂತು ಎಂದು ಹೇಳಲು ನನಗೇನೂ ನಾಚಿಕೆಯಿಲ್ಲ. ನಂಬಿದವನು ಕೈಕೊಟ್ಟರೆ ಸಿಟ್ಟು ಬರುತ್ತದೆ ಅನ್ನುತ್ತಾರೆ. ನನಗೆ ಸಿಟ್ಟು ಅರ್ಧ ದಾರಿಯಲ್ಲೇ ಇಳಿದು, ತಬ್ಬಲಿಯಾದಂತಾಯಿತು.

*

ಕೋರ್ಟಿನ ಮೊದಲ ಮಹಡಿಯ ಉದ್ದನೆಯ ಪಡಸಾಲೆಯಲ್ಲಿ ಜನ ಗೋಡೆಗೊರಗಿ ನಿಂತಿದ್ದರು. ಕೊನೆಯ ಬೆಂಚಿನಲ್ಲಿ ಹುಡುಗಿ, ಪಕ್ಕದಲ್ಲಿ ಒಬ್ಬ ಮಹಿಳಾ ಪೇದೆ. ಎದುರು ಗೋಡೆಯ ಬೆಂಚಿನಲ್ಲಿ ಅಣ್ಣ ಒಬ್ಬನೇ ಕೂತು ನೆಲ ನೋಡುತ್ತಿದ್ದ.

ಹುಡುಗಿ ಬಡವಾಗಿದ್ದಳು. ಬೆರಳ ತುದಿಯಲ್ಲಿ ಸೀಮೆಸುಣ್ಣದ ಬಿಳುಪು ಇರುತ್ತಿದ್ದ ಕೈ, ಈಗ ತೊಳೆದಿಟ್ಟ ಹಾಗಿತ್ತು. ನನ್ನನ್ನು ಕಂಡು ನಕ್ಕಳು. ಪೇದೆ ಸ್ವಲ್ಪ ಸರಿದು ಕೂರಲು ಬಿಟ್ಟಳು.

“ಇವತ್ತು ಮನೆಗೆ ಹೋಗ್ತೀಯಮ್ಮ,” ಎಂದೆ ಮೆಲ್ಲಗೆ.

“ನಿಜವಾಗ್ಲೂ ಅಂಕಲ್?”

“ಸ್ವಲ್ಪ ಗಟ್ಟಿ ಮನಸ್ಸು ಮಾಡ್ಕೊ. ನಿಮ್ಮಣ್ಣ ಆ ವಿಮಾನದಲ್ಲಿ ಬಂದಿಲ್ಲ. ಅದು ದಾರೀಲಿ ನಿಂತು, ಸುತ್ತು ಹಾಕಿ, ಇಲ್ಲಿ ಇಳಿದಾಗ ರಾತ್ರಿ ಒಂಬತ್ತಾಗಿತ್ತು. ಆರೂವರೆಗೆ ಅವನನ್ನ ನಾನೇ ಕಣ್ಣಾರೆ ನೋಡಿದೀನಿ, ನಿಮ್ಮ ಅಂಗಡೀಲಿ. ನಾನು ಅದನ್ನ ಜಡ್ಜ್ ಮುಂದೆ ಹೇಳ್ತೀನಿ.”

ಅವಳು ಚೀರಲಿಲ್ಲ, ಬೆಚ್ಚಲಿಲ್ಲ, ‘ಯಾಕೆ’ ಎಂದು ಕೇಳಲಿಲ್ಲ. ಅಕ್ಕನನ್ನು ಕೊಂದವನು ಅಣ್ಣನೇ ಇರಬಹುದು ಎಂದು ಕೇಳಿದ ತಂಗಿಯ ಮುಖ ಅದಾಗಿರಲಿಲ್ಲ. ಬಟ್ಟೆಯ ಮೇಲೆ ಗೆರೆ ಎಳೆಯುವ ಮುಂಚೆ ಅಳತೆ ನೆನಪು ಮಾಡಿಕೊಳ್ಳುವಾಗ ಅವಳು ಹೀಗೆಯೇ ತುಟಿ ಬಿಗಿಯುತ್ತಿದ್ದಳು.

“ಒಂಬತ್ತಕ್ಕೆ ಇಳೀತಾ?” ಎಂದಳು.

“ಒಂಬತ್ತಕ್ಕೆ.”

“ಸರಿಯಾಗಿ ಗೊತ್ತಾ ಅಂಕಲ್? ಇನ್ನೊಂದು ಸಲ ಹೇಳಿ.”

ಇನ್ನೊಂದು ಸಲ ಹೇಳಿ. ರೇಡಿಯೊ ಹೇಳಿದ್ದ ಮಾತು ನನ್ನ ಕಿವಿಯಲ್ಲಿ ಮತ್ತೆ ಕೇಳಿಸಿತು. ಬಾಯಿ ಮಾತ್ರ ಆಗಲೇ ಉತ್ತರ ಕೊಟ್ಟಾಗಿತ್ತು. “ದಾರಿಯಲ್ಲಿ ಇಂಧನಕ್ಕೆ ನಿಂತಿತ್ತು. ಒಂಬತ್ತು.”

“ಹಾಗಾದ್ರೆ ಅಣ್ಣ ಅಂಗಡಿಗೆ ಬಂದಿದ್ದು ಹತ್ತೂವರೆಗೆ,” ಎಂದಳು ಹುಡುಗಿ. ದನಿಯಲ್ಲಿ ಎಂದಿನ ಅದೇ ಸಲಿಗೆ. “ನ್ಯಾಪಕ ಬಂತು. ದಾರೀಲಿ ನಿಂತು ತಡ ಆಯ್ತು ಅಂತ ಅವನೇ ಅಂದ. ನೀವು ಆಗ ಹೊರಟುಹೋಗಿದ್ರಿ ಅಂಕಲ್. ನೀವು ಅವನನ್ನ ನೋಡಿದ್ದು ಮಾರನೇ ದಿನ. ಗಾಬರೀಲಿ ನಿಮಗೆ ಎಲ್ಲ ಕಲಸಿಹೋಗಿದೆ.”

“ನಾನು ಅವನ ಪಕ್ಕ ನಿಂತು ನೀರು ಕುಡಿಸಿದೀನಮ್ಮ.”

“ಇಲ್ಲ ಅಂಕಲ್. ಆಗ ಅಲ್ಲಿ ನಾನು, ನೀವು, ಇಬ್ಬರೇ ಇದ್ದಿದ್ದು. ನಾನು ಜಡ್ಜ್ ಮುಂದೆ ಅದನ್ನೇ ಹೇಳ್ತೀನಿ.”

ನಾನು ಅವಳ ಮುಖವನ್ನೇ ನೋಡಿದೆ. ಜೈಲಿನ ಬಾಗಿಲನ್ನು ತಾನೇ ತನ್ನ ಕೈಯಾರೆ ಎಳೆದುಕೊಳ್ಳುತ್ತಿದ್ದಳು, ಒಂದಿಷ್ಟೂ ನಡುಗದೆ. ಅಣ್ಣನನ್ನು ಕಾಪಾಡಲೋ, ಇಬ್ಬರೂ ಸೇರಿ ಮಾಡಿದ್ದನ್ನು ಮುಚ್ಚಲೋ ನನಗೆ ತಿಳಿಯಲಿಲ್ಲ. ಹಾಗಿದ್ದರೆ ಆ ಸಂಜೆ ಮೊದಲು ನನಗೇಕೆ ಫೋನ್ ಮಾಡಿದಳು? ತಿಳಿದದ್ದು ಒಂದೇ. ರೇಡಿಯೊ ನಿಜ ಹೇಳಿದ್ದ. ನನ್ನ ಬೆನ್ನಿಗೆ ಇರಿದದ್ದು ನಾನು ಬಿಡಿಸಲು ಹೊರಟ ಕೈ. ನಾನು ಕತ್ತರಿಸಿ ಎಸೆದದ್ದು ನನ್ನದೇ ಇನ್ನೊಂದು ಕೈ.

ಅಷ್ಟರಲ್ಲಿ ಹುಡುಗಿಯ ಪರವಾಗಿ ನಾನು ಗೊತ್ತುಮಾಡಿದ್ದ ವಕೀಲೆ ಕೋಟು ಸರಿಮಾಡಿಕೊಳ್ಳುತ್ತಾ ಓಡಿಬಂದರು. “ಇನ್ನು ಹತ್ತು ನಿಮಿಷದಲ್ಲಿ ನಮ್ಮದೇ. ಏನಾದ್ರೂ ಸಿಕ್ತಾ?”

ಅವರನ್ನು ಪಕ್ಕಕ್ಕೆ ಕರೆದು ಎಲ್ಲ ಹೇಳಿದೆ, ಹುಡುಗಿ ಈಗ ಅಂದದ್ದನ್ನೂ ಬಿಡದೆ. ವಕೀಲೆ ಹಣೆ ಒತ್ತಿಕೊಂಡರು.

“ವಿಮಾನ ಒಂಬತ್ತಕ್ಕೆ ಇಳೀತು ಅನ್ನೋದಷ್ಟೇ ಇದ್ರೆ ಅದು ಅವನಿಗೇ ಅನುಕೂಲ. ಅವನು ಆರೂವರೆಗೆ ಇಲ್ಲಿದ್ದ ಅಂತ ನೀವೊಬ್ಬರೇ ಹೇಳೋದು. ನಮ್ಮ ಕಕ್ಷಿದಾರಳೇ ಇಲ್ಲ ಅಂದ್ರೆ ನಾನೇನು ಮಾಡ್ಲಿ?”

“ಅವನೇ ಒಪ್ಕೊಂಡಿದ್ದಾನೆ ಮೇಡಂ, ಇವತ್ತು ಬೆಳಿಗ್ಗೆ. ಐದಕ್ಕೆ ಇಳಿದೆ, ಹದಿಮೂರೂವರೆ ಗಂಟೆ, ಎಲ್ಲೂ ನಿಲ್ಲಲಿಲ್ಲ ಅಂತ ನನ್ನ ಮುಂದೆ ಬಾಯಾರೆ ಹೇಳಿದ್ದಾನೆ. ಆ ವಿಮಾನದಲ್ಲಿ ಇದ್ದವನು ಹಾಗೆ ಹೇಳೋಕೆ ಸಾಧ್ಯನೇ ಇಲ್ಲ.”

“ಅದು ಸಿಕ್ಕಿದ್ರೆ ಸಾಕು, ತನಿಖೆ ಮುಂದುವರಿಸಿ ಅಂತ ಕೇಳ್ತೀನಿ, ಇವಳನ್ನ ಬಿಡಿಸ್ತೀನಿ. ಆ ಮಾತನ್ನ ನಿಮ್ಮ ಜೊತೆ ಇನ್ಯಾರಾದ್ರೂ ಕೇಳಿಸಿಕೊಂಡಿದ್ದಾರಾ?”

“ಒಬ್ಬ ಇದ್ದ,” ಎಂದೆ.

ಹೇಳುತ್ತಿದ್ದಂತೆ ಮೆಟ್ಟಿಲ ಕಡೆಯಿಂದ ಪರಿಚಯದ ಕೆಮ್ಮು ಕೇಳಿಸಿತು. ರೇಡಿಯೊ. ಯಾವ ಕೇಸಿಗೂ ತಪ್ಪದೆ ಬರುವವನು ಇದಕ್ಕೂ ಬಂದಿದ್ದ. ನನಗೆ ಓಡಿಹೋಗಿ ಅವನನ್ನು ತಬ್ಬಿಕೊಳ್ಳಬೇಕು ಅನ್ನಿಸಿತು. ಎದುರು ಹೋಗಿ ಕೈ ಹಿಡಿದುಕೊಂಡೆ. “ತಪ್ಪಾಯ್ತು ಕಣೋ. ನೀನು ಹೇಳಿದ್ದೇ ನಿಜ. ಆಮೇಲೆ ಎಷ್ಟು ಬೇಕಾದ್ರೂ ಬೈಯಿ. ಈಗ ಇವರಿಗೆ ಒಂದು ಮಾತು ಹೇಳು, ಬೆಳಿಗ್ಗೆ ಅಣ್ಣ ನಮ್ಮಿಬ್ಬರ ಮುಂದೆ ಏನಂದ ಅಂತ.”

ಅವನು ನನ್ನ ಕೈಯನ್ನು ಬಿಡಿಸಿಕೊಳ್ಳಲಿಲ್ಲ. ನಾನೇ ಬಿಡುವವರೆಗೆ ಕಾದ. ಆಮೇಲೆ ವಕೀಲೆಯ ಕಡೆ ತಿರುಗಿದ.

“ನಾನು ಇವರ ಜೊತೆ ಎಲ್ಲಿಗೂ ಹೋಗಿಲ್ಲ ಮೇಡಂ,” ಎಂದ. “ಬೆಳಗ್ಗೆಯಿಂದ ಮನೇಲೇ ಇದ್ದೆ.”

ವಕೀಲೆ ನನ್ನ ಮುಖ ನೋಡಿದರು. ಒಳಗಿನಿಂದ ನಮ್ಮ ಕೇಸಿನ ಕೂಗು ಬಂತು. ಪೇದೆ ಹುಡುಗಿಯನ್ನು ಎಬ್ಬಿಸಿದಳು.

ರೇಡಿಯೊ ನನ್ನನ್ನು ದಾಟಿ ಎದುರು ಗೋಡೆಯ ಬೆಂಚಿಗೆ ನಡೆದ. ‘ಅವನು ನಿನಗೇನು ಕೊಡ್ತೀನಿ ಅಂದ’ ಎಂದು ನಾನು ಕೇಳಿದಾಗ ಅವನು ಇಲ್ಲ ಅಂದಿರಲಿಲ್ಲ ಎಂಬುದು ನನಗೆ ಆಗ ನೆನಪಾಯಿತು. ಅಣ್ಣ ತಲೆ ಎತ್ತಿ ನೋಡಿದ. ಸ್ವಲ್ಪವೂ ಆಶ್ಚರ್ಯಪಡದೆ, ಸರಿದು ಪಕ್ಕದಲ್ಲಿ ಜಾಗ ಮಾಡಿಕೊಟ್ಟ.